ಅಂಗಿ ತೊಟ್ಟ ಕಾಯಿ

ಪಿಳ್ಳಮ್ಮ ಮೊದಲ ಕಾಯಿಯನ್ನು ಕಿತ್ತಳು, ಆದರೆ ಬಿಡಿಸಲಿಲ್ಲ. ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿದಳು. ಏನೋ ಅನುಮಾನ ಬಂತು. ಚಿಕ್ಕಂದಿನಲ್ಲಿ ಹೊಲದ ಬದುವಿನ ಬುಡ್ಡೆಹಣ್ಣಿನ ಸಿಪ್ಪೆಯನ್ನು ಬಡಿದುಕೊಳ್ಳುತ್ತಿದ್ದಂತೆ ಅದನ್ನು ಹಣೆಗೆ ಬಡಿದುಕೊಂಡಳು. ಟಪ್ ಎಂದು ಒಡೆಯಿತು.

ಸಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

"ಗಾಳಿ ಕಣ್ರೇ," ಎಂದಳು ಪಿಳ್ಳಮ್ಮ. "ಬರೀ ಗಾಳಿ."

ಆಮೇಲೆ ಎಲ್ಲರೂ ಬಿಡಿಸಿದರು. ಹಸಿರು ಕಾಗದದ ಗೂಡಿನಂಥ ಸಿಪ್ಪೆಗಳು ಒಂದೊಂದಾಗಿ ಹರಿದವು. ಒಳಗೆ ಅಂಟಂಟಾದ ಹಸಿರು ಗೋಲಿ ಇರಬೇಕಾದ ಕಡೆ ಏನೂ ಇರಲಿಲ್ಲ. ಅಂಗಿಗಳು ಇದ್ದವು. ಅಂಗಿಯೊಳಗೆ ಯಾರೂ ಇರಲಿಲ್ಲ.

ಇದು ನಡೆದದ್ದು ನಾಲ್ಕನೇ ಸುರಂಗದಲ್ಲಿ. ಚಿನ್ನ ಮುಗಿದು ಎಷ್ಟೋ ಕಾಲವಾದ ಮೇಲೆ, ಮೇಲಿನ ಬೇಸಿಗೆ ಮನುಷ್ಯರ ಮೈ ತಡೆಯಲಾರದಷ್ಟು ಏರಿದಾಗ, ಕೋಲಾರ ಸೀಮೆಯ ಜನ ಹಳೆಯ ಗಣಿಗಳಿಗೆ ಇಳಿದಿದ್ದರು. ತೀರ ಆಳಕ್ಕಲ್ಲ, ಅಲ್ಲಿ ಬಂಡೆಯೇ ಸುಡುತ್ತದೆ. ಬಾವಿಯ ತಂಪು ಸಿಗುವಷ್ಟು ಆಳಕ್ಕೆ. ಪ್ರತಿ ಸುರಂಗದ ಒಂದು ಬದಿಗೆ ಮನೆಗಳು, ಇನ್ನೊಂದು ಬದಿಗೆ ದೀಪದ ಕೆಳಗೆ ಬೆಳೆ. ಮೇಲೆ ಬಿಸಿಲಿಗೆ ಹಾಸಿದ ಫಲಕಗಳಿಂದ ವಿದ್ಯುತ್ತು ಇಳಿದು ಬರುತ್ತಿತ್ತು. ಅದು ಎಲ್ಲರಿಗೂ ಸಾಲುತ್ತಿರಲಿಲ್ಲ. ಆದ್ದರಿಂದ ಒಂದು ನಿಯಮವಿತ್ತು: ಯಾವ ಸುರಂಗ ಊಟಕ್ಕೆ ಕೊಡುತ್ತದೋ ಅದಕ್ಕೆ ದೀಪ. ದೀಪದ ಜೊತೆಗೇ ಗಾಳಿಯ ಪಂಕ. ಯುಗಾದಿಯ ಹಿಂದಿನ ದಿನ ಬೆಳೆಯನ್ನು ತೂಗುತ್ತಿದ್ದರು. ತೂಕ ಬಾರದ ಸುರಂಗದ ದೀಪ ಆರುತ್ತಿತ್ತು, ಅಲ್ಲಿಯ ಸಂಸಾರಗಳು ಮೇಲಕ್ಕೆ ಹೋಗಬೇಕಾಗುತ್ತಿತ್ತು. ಹಾಗೆ ಹೋದವರಲ್ಲಿ ಪಿಳ್ಳಮ್ಮನ ವಯಸ್ಸಿನವರು ಒಂದು ಬೇಸಿಗೆಯನ್ನು ದಾಟಿದ್ದನ್ನು ಯಾರೂ ಕಂಡಿರಲಿಲ್ಲ.

ಟೊಮೇಟೊ ಈ ತೇವದಲ್ಲಿ ಕಪ್ಪು ಬೂಸ್ಟು ಹಿಡಿದು ಕೊಳೆತಿತ್ತು. ಹುಣಸೆಮರಗಳು ಮೇಲೆಯೇ ಸುಟ್ಟುಹೋಗಿದ್ದವು. ಮೆಕ್ಸಿಕೋದಿಂದ ಬಂದ ಟೊಮ್ಯಾಟಿಲೊ ಮಾತ್ರ ಉಳಿಯಿತು, ಯಾಕೆಂದರೆ ಅದರ ಕಾಯಿ ಹುಟ್ಟುವಾಗಲೇ ಮೈತುಂಬ ಸಿಪ್ಪೆ ಹೊದ್ದುಕೊಂಡಿರುತ್ತದೆ, ಬೂಸ್ಟು ಒಳಗೆ ಹೋಗುವುದಿಲ್ಲ. ಆ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಅಂಗಿಕಾಯಿ ಎಂದರು. ಸಾರಿಗೆ, ಗೊಜ್ಜಿಗೆ, ಬಾಯಿ ಕೆಟ್ಟಾಗ ಉಪ್ಪು ಹಚ್ಚಿ ನೆಕ್ಕುವುದಕ್ಕೆ, ಹುಳಿ ಎಂದರೆ ಈಗ ಅದೇ. ಅದನ್ನು ಬೆಳೆಯುತ್ತಿದ್ದದ್ದು ನಾಲ್ಕನೇ ಸುರಂಗ ಒಂದೇ.

ಬೆಳೆಯ ಹೊಣೆ ಹೊತ್ತವಳು ಗಂಗರತ್ನ, ಪಿಳ್ಳಮ್ಮನ ಮೊಮ್ಮಗಳು. ತಾಯಿ ಸತ್ತ ಮೇಲೆ ಪಿಳ್ಳಮ್ಮನೇ ಸಾಕಿ ಓದಿಸಿದ್ದಳು. ಗಂಗರತ್ನ ಓಡುತ್ತ ಬಂದು ಖಾಲಿ ಸಿಪ್ಪೆಗಳ ಗುಡ್ಡೆಯ ಮುಂದೆ ನಿಂತಳು.

"ನೋಡಮ್ಮ ನಿನ್ ಪರೇಡು," ಎಂದಳು ಪಕ್ಕದ ಮನೆಯ ಮುನಿಯಮ್ಮ. "ಎಲ್ಲಾ ಒಂದೇ ಎತ್ರ, ಒಂದೇ ಬಣ್ಣ. ಒಂದೇ ಥರ ಬಂಜೆ."

ಹೋದ ವರ್ಷ ಗಿಡಗಳು ಮನಸ್ಸಿಗೆ ಬಂದಂತೆ ಬೆಳೆದಿದ್ದವು. ಒಂದು ಮೊಣಕಾಲೆತ್ತರ, ಒಂದು ಎದೆಯೆತ್ತರ, ಒಂದು ನೆಲದ ಮೇಲೆ ಹರಡಿಕೊಂಡದ್ದು. ಬೆಳಕು ಹಂಚುವ ದೀಪದ ಕೋಣೆಯ ಎಣಿಕೆ ಯಂತ್ರ ಹಳಿಯ ಮೇಲೆ ಓಡಾಡುತ್ತ, ಕುಂಚದಿಂದ ಹೂವಿಗೆ ಪರಾಗ ಸವರಿ ಕಾಯಿ ಎಣಿಸುವಾಗ ತಪ್ಪು ಲೆಕ್ಕ ಕೊಡುತ್ತಿತ್ತು. ಅವುಗಳ ನಡುವೆ ಒಂದೇ ಒಂದು ಗಿಡ ನೆಟ್ಟಗೆ ನಿಂತು, ಉಳಿದವಕ್ಕಿಂತ ದಪ್ಪ ಕಾಯಿ ಬಿಟ್ಟಿತ್ತು. ಗಂಗರತ್ನ ಅದರ ಕೊಂಬೆಗಳನ್ನು ಕತ್ತರಿಸಿ ಬೇರು ಬರಿಸಿ, ಸುರಂಗದ ತುಂಬ ಅದನ್ನೇ ನೆಟ್ಟಳು. ಉಳಿದವನ್ನು ಕಿತ್ತು ಗೊಬ್ಬರಕ್ಕೆ ಹಾಕಿಸಿದಳು. ಆ ದಿನ ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಮುನಿಯಮ್ಮನೂ.

* * *

ದೀಪದ ಕೋಣೆ ಎಂದರೆ ಗೋಡೆ ತುಂಬ ಮಿಣುಕುವ ಚುಕ್ಕಿಗಳು, ನಡುವೆ ಒಂದು ಕುರ್ಚಿ, ಕುರ್ಚಿಯಲ್ಲಿ ಸೆಲ್ವರಾಜ್. ಅವನ ಅಜ್ಜನ ಅಜ್ಜ ಇದೇ ಬಂಡೆಯಲ್ಲಿ ಚಿನ್ನ ಅಗೆದಿದ್ದ. ಈಗ ಇವನು ಬೆಳಕು ಹಂಚುತ್ತಿದ್ದ.

ಗಂಗರತ್ನ ಹೂವಿನ ಸೀಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರ ಚಿತ್ರವನ್ನು ಅವನ ಪರದೆಗೆ ಕಳಿಸಿದಳು.

"ಪರಾಗ ಬಿದ್ದಿದೆ ಸಾರ್. ಮೊಳಕೆನೂ ಒಡೆದಿದೆ. ಈ ದಾರದ ಥರ ಕಾಣೋದು ಅದೇ. ಬಸಿರಿನ ಕಡೆ ಇಳೀತಾ ಇದೆ. ಇಲ್ಲಿ ನೋಡಿ, ಅರ್ಧ ದಾರೀಲಿ ನಿಂತಿದೆ."

"ಯಾರು ನಿಲ್ಸಿದ್ದು?"

"ಹೂವೇ."

ಅವಳು ವಿವರಿಸಿದಳು. ಈ ಜಾತಿಯ ಪ್ರತಿ ಗಿಡಕ್ಕೂ ತನ್ನದೇ ಎರಡು ಗುರುತುಗಳಿರುತ್ತವೆ. ಅದರ ಪರಾಗದ ಒಂದೊಂದು ಕಣವೂ ಅವುಗಳಲ್ಲಿ ಒಂದನ್ನು ಹೊತ್ತಿರುತ್ತದೆ. ಬಂದ ಪರಾಗದ ಗುರುತು ತನ್ನ ಎರಡರಲ್ಲಿ ಒಂದಾಗಿದ್ದರೆ, ಹೂವು ಅದನ್ನು ಅರ್ಧ ದಾರಿಯಲ್ಲೇ ತಡೆಯುತ್ತದೆ. ಬೇರೆ ಗಿಡದ್ದಾದರೆ ದಾರಿ ಬಿಡುತ್ತದೆ. ಸುರಂಗದಲ್ಲಿ ನೋಡುವ ಕಣ್ಣಿಗೆ ಸಾವಿರಾರು ಗಿಡಗಳಿದ್ದವು. ಹೂವಿನ ಲೆಕ್ಕದಲ್ಲಿ ಇದ್ದದ್ದು ಒಂದೇ ಗಿಡ.

ಸೆಲ್ವರಾಜ್ ಗಲ್ಲ ತಿಕ್ಕಿಕೊಂಡ. "ಬೇರೆ ಗಿಡ ಒಂದೂ ಇಟ್ಕೊಂಡಿಲ್ವಾಮ್ಮಾ?"

"ಕಿತ್ತಾಕಿಸಿದೆ. ಎಣಿಕೆ ಯಂತ್ರಕ್ಕೆ ಒಂದೇ ಎತ್ತರ ಬೇಕು ಅಂದಿದ್ರಲ್ಲ."

"ಅಂದಿದ್ದೆ," ಎಂದ ಅವನು. "ಆ ಯಂತ್ರ ಈ ಖಾಲಿ ಸಿಪ್ಪೇನೂ ಎಣಿಸಿ, ಬಂಪರ್ ಬೆಳೆ ಅಂತ ನನಗೆ ಕಳಿಸಿದೆ. ನಾನು ಖುಷಿಯಾಗಿ ಕಾಫಿ ಕುಡಿದೆ."

"ಮೇಲಿಂದ ಬೀಜ?"

"ಆ ಬೂಸ್ಟಿನ ವರ್ಷ ಆದ್ಮೇಲೆ ಹಸಿರು ಅನ್ನೋದು ಏನೂ ಕೆಳಗಿಳಿಯೋ ಹಾಗಿಲ್ಲ. ಕೇಳ್ತೀನಿ. ಆದರೆ ಬೇರೆ ಕೋಣೇಲಿಟ್ಟು ಪರೀಕ್ಷೆ ಮಾಡಿ ಬಿಡೋ ಹೊತ್ತಿಗೆ ಮುಂದಿನ ಯುಗಾದಿ ಬರ್ತದೆ. ಈ ಯುಗಾದಿಗೆ ಏನಿದೆ ನಿನ್ ಹತ್ರ?"

ಗಂಗರತ್ನಳ ಹತ್ತಿರ ಒಂದು ದಾರಿಯಿತ್ತು. ಹೂವು ತನ್ನ ಗುರುತನ್ನು ಹುಟ್ಟಿನಿಂದಲೇ ತಿಳಿದಿರುವುದಿಲ್ಲ. ಅರಳುವ ಹೊತ್ತಿಗಷ್ಟೇ ತಡೆಯುವ ಶಕ್ತಿ ಬರುತ್ತದೆ. ಅದಕ್ಕೆ ಮುಂಚೆ, ಹಸಿರು ಮೊಗ್ಗಾಗಿರುವಾಗಲೇ ಬಿಡಿಸಿ ಅದೇ ಗಿಡದ ಪರಾಗ ಮುಟ್ಟಿಸಿದರೆ, ಅದಕ್ಕೆ ಬೇಡ ಎನ್ನಲು ಬರುವುದಿಲ್ಲ. ಯಂತ್ರದ ಕೈ ಮೊಗ್ಗನ್ನು ಹಿಸುಕಿಬಿಡುತ್ತದೆ. ಮನುಷ್ಯರ ಬೆರಳೇ ಬೇಕು.

"ಯಾರ ಬೆರಳು?" ಎಂದ ಸೆಲ್ವರಾಜ್.

"ನಮ್ಮಜ್ಜೀದು."

* * *

ಪಿಳ್ಳಮ್ಮ ಹುಟ್ಟಿ ಬೆಳೆದದ್ದು ಶಿಡ್ಲಘಟ್ಟದ ಕಡೆ, ರೇಷ್ಮೆ ಬಿಚ್ಚುವವರ ಮನೆಯಲ್ಲಿ. ಕುದಿಯುವ ನೀರಲ್ಲಿ ತೇಲುವ ಗೂಡಿನಿಂದ ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಹಿಡಿದೆತ್ತಿದ ಬೆರಳುಗಳು ಅವು. ತುದಿಗಳು ಬೆಂದು ಬೆಂದು ಬಿಳಿಚಿಕೊಂಡಿದ್ದವು.

ಗಂಗರತ್ನ ಗುಂಡುಸೂಜಿ ಕೊಟ್ಟು ಒಮ್ಮೆ ತೋರಿಸಿದಳು. ಮೊನೆಯಿಂದ ಮೊಗ್ಗಿನ ಎಸಳನ್ನು ಸೀಳಬೇಕು, ಸೂಜಿಯ ಗುಂಡುತಲೆಗೆ ಅರಳಿದ ಹೂವಿನ ಪರಾಗ ಹಚ್ಚಿ ಒಳಗೆ ಮುಟ್ಟಿಸಬೇಕು. ಮೊಮ್ಮಗಳು ಮೂರು ಮೊಗ್ಗು ಕೆಡಿಸಿದಳು. ಅಜ್ಜಿ ಒಂದನ್ನೂ ಕೆಡಿಸಲಿಲ್ಲ.

ಕೆಲವು ದಿನದಲ್ಲಿ ಆ ಮೊಗ್ಗುಗಳ ಸಿಪ್ಪೆ ಉಬ್ಬಿತು. ಒಂದನ್ನು ಬಿಡಿಸಿದಾಗ ಒಳಗೆ ಹಸಿರು ಗೋಲಿ ಕೂತಿತ್ತು. ಸುರಂಗದ ಹೆಂಗಸರೆಲ್ಲ ಸಾಲಾಗಿ ಕೂತರು, ಕೈಗೊಂದು ಗುಂಡುಸೂಜಿ. ಪಿಳ್ಳಮ್ಮ ಸಾಲಿನಿಂದ ಸಾಲಿಗೆ ಓಡಾಡಿ ಹೇಳಿಕೊಟ್ಟಳು.

"ಮುನಿಯಮ್ಮ, ಮೊಗ್ಗು ಕಣೆ ಅದು. ನಿನ್ ಗಂಡನ್ ಕಿವಿ ಅಲ್ಲ. ಮೆತ್ತಗೆ ಹಿಡಿ."

"ಅವರ ಕಿವೀಗಾದ್ರೆ ಏನೂ ಆಗಲ್ಲ ಬಿಡು ಪಿಳ್ಳಕ್ಕ, ಏನೇಳಿದ್ರೂ ಒಳಕ್ಕೋಗದ ಕಿವಿ."

ಆ ದಿನ ಊಟಕ್ಕೆ ಕೂತಾಗ, ಮುದ್ದೆ ಮುರಿಯುತ್ತ, ಪಿಳ್ಳಮ್ಮ ಕೇಳಿದಳು. "ಅಲ್ಲ ಗಂಗಾ, ಅಷ್ಟೊಂದು ಹೂವು ಅರಳಿ ಉದುರ್ತಾವೆ. ಅವನ್ನ ಬಿಟ್ಟು ಮೊಗ್ಗನ್ನೇ ಯಾಕೆ ಸೀಳ್ಬೇಕು?"

ಗಂಗರತ್ನಳಿಗೆ ಅಂದು ಖುಷಿಯಿತ್ತು. ಸುಲಭ ಮಾಡಿ ಹೇಳಿದಳು. "ನಮ್ಮಲ್ಲಿ ಒಂದೇ ಬೆಡಗಿನವರು, ಒಂದೇ ಕುಲದೋರು ಮದುವೆ ಆಗಲ್ಲ ಅಲ್ವಾ ಅಜ್ಜಿ, ಹಂಗೆ. ಇಲ್ಲಿರೋ ಗಿಡ ಎಲ್ಲಾ ಒಂದೇ ಬೆಡಗು. ಅರಳಿದ ಹೂವಿಗೆ ಅದು ಗೊತ್ತಾಗ್ತದೆ. ಒಪ್ಪಲ್ಲ."

"ಎಲಾ! ನಮ್ ಜಾತೀದೇ ಆಯ್ತಲ್ಲ," ಎಂದು ಪಿಳ್ಳಮ್ಮ ನಕ್ಕಳು. "ಮೊಗ್ಗಿಗೆ?"

"ಮೊಗ್ಗಿಗೆ ಇನ್ನೂ ತಾನು ಯಾರು ಅಂತಾನೇ ಗೊತ್ತಿಲ್ಲ. ಬೇಡ ಅನ್ನೋಕೆ ಬರಲ್ಲ. ಅದು ಕಲಿಯೋ ಮುಂಚೆ ನಾವು ಮುಗಿಸಿಬಿಡ್ತೀವಿ."

ಪಿಳ್ಳಮ್ಮನ ಕೈ ತಟ್ಟೆಯ ಮೇಲೆ ನಿಂತಿತು. ಅವಳು ಮುರಿದ ಮುದ್ದೆಯನ್ನು ಹಾಗೇ ಬಿಟ್ಟು, ಕೈ ತೊಳೆದು, ಸೆರಗಿಗೆ ಚುಚ್ಚಿಕೊಂಡಿದ್ದ ಗುಂಡುಸೂಜಿಯನ್ನು ತೆಗೆದು ಗೋಡೆಯ ಗೂಡಿನಲ್ಲಿಟ್ಟಳು.

"ಯಾಕಜ್ಜಿ?"

ಪಿಳ್ಳಮ್ಮ ಗೋಡೆಗೆ ಒರಗಿ ಕೂತಳು.

"ನಂಗೆ ಅನ್ನೆರಡು ತುಂಬಿರ್ಲಿಲ್ಲ," ಎಂದಳು. "ನಮ್ಮಮ್ಮನ ತಮ್ಮ. ಸೋದರಮಾವ. ಬೆಡಗು ಬೇರೆ, ತಪ್ಪಿಲ್ಲ ಅಂದ್ರು. ರೇಷ್ಮೆ ಒಲೆ, ಮನೆ, ಎಲ್ಲಾ ಒಳಗೊಳಗೇ ಇರ್ತದೆ ಅಂದ್ರು. ಇನ್ನೆರಡು ವರ್ಸ ಬಿಟ್ರೆ ಇವಳು ಬೇಡ ಅಂತಾಳೆ, ಈಗ್ಲೇ ಮುಗಿಸ್ಬಿಡಾನ ಅಂತ ನಮ್ಮಜ್ಜಿ ಅಂದಿದ್ದು ನಂಗೆ ಕೇಳುಸ್ತು. ಬೇಡ ಅನ್ನೋದು ಎಂಗೆ ಅಂತ ನಂಗೆ ತಿಳೀಲಿಲ್ಲ."

"ತಾತ ಕೆಟ್ಟೋರಾಗಿದ್ರಾ?"

"ಇಲ್ಲ ಕಣೆ. ಅವನ್ನೂ ಯಾರೂ ಕೇಳಿರ್ಲಿಲ್ಲ. ಮದುವೇಗೆ ಮುಂಚೆ ನನ್ನ ಎಗಲ ಮೇಲೆ ಕೂರ್ಸಿ ಜಾತ್ರೆಗೆ ಕರ್ಕೊಂಡೋಗಿದ್ದೋನು. ಮದುವೆ ಆದ್ಮೇಲೆ ನನ್ ಮುಖ ನೋಡಕ್ಕೇ ನಾಚ್ಕೋತಿದ್ದ. ಮೊದಲ್ನೇ ಎರಡು ಕೂಸು ನಿಲ್ಲಲಿಲ್ಲ. ಕೈಯಾಗೇ ಓದ್ವು. ಆಮೇಲೆ ನಿಮ್ಮಮ್ಮ." ಸ್ವಲ್ಪ ತಡೆದು ಹೇಳಿದಳು. "ನಿಮ್ಮಮ್ಮಂಗೆ ಮಾತ್ರ ನಾನು ಯಾರ್ ಮಾತೂ ಕೇಳ್ಲಿಲ್ಲ. ಅವಳು ಓದಿ ಮುಗ್ಸಿ, ಅವಳೇ ಕರ್ಕೊಂಡ್ಬಂದೋನಿಗೆ ಧಾರೆ ಎರೆದೆ. ನಿಮ್ಮಪ್ಪ ಯಾವ ಊರೋ, ಯಾವ ಜನಾನೋ. ನಂಗೆ ಅದೇ ಬೇಕಾಗಿತ್ತು."

ಮರುದಿನ ಪಿಳ್ಳಮ್ಮ ಸಾಲಿಗೆ ಬರಲಿಲ್ಲ.

* * *

ಗಂಗರತ್ನ ದೀಪದ ಕೋಣೆಯ ಮೂಲೆಯಲ್ಲಿ ಕೂತು ಯೋಚಿಸಿದಳು. ಬಲವಂತ ಮಾಡಬಹುದಿತ್ತು. ನಿನ್ನ ಜೀವ ಉಳಿಸುವುದಕ್ಕೇ ಇದೆಲ್ಲ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು.

ಅವಳ ಯೋಜನೆ ಸರಳವಾಗಿತ್ತು. ಪ್ರತಿ ಹಂಗಾಮಿಗೂ ಅದೇ ಗಿಡದ ಕೊಂಬೆ, ಪ್ರತಿ ಹಂಗಾಮಿಗೂ ಸೂಜಿ. ಸೆಲ್ವರಾಜನಿಗೆ ಅದು ಹಿಡಿಸಿತ್ತು. ಗಿಡಗಳು ಒಂದೇ ಎತ್ತರ ಇರುತ್ತವೆ, ಯಂತ್ರದ ಲೆಕ್ಕ ತಪ್ಪುವುದಿಲ್ಲ. ಈಗ ಅವಳಿಗೆ ಮೊದಲ ಸಲ ಬೀಜದ ನೆನಪಾಯಿತು. ಕಾಯಿಯನ್ನು ತಿನ್ನುವುದಷ್ಟೇ ಗೊತ್ತಿದ್ದವರಿಗೆ ಅದರೊಳಗೆ ಬೀಜವಿದೆ ಎಂಬುದು ಮರೆತುಹೋಗಿತ್ತು.

ತಾಯಿ ಗಿಡಕ್ಕೆ ಎರಡು ಗುರುತು. ಸೂಜಿ ಮುಟ್ಟಿಸಿದ ಅದರ ಮೊಗ್ಗಿನ ಮಕ್ಕಳಲ್ಲಿ ಕೆಲವಕ್ಕೆ ಮೊದಲನೆಯದೇ ಎರಡು ಸಲ ಬರುತ್ತದೆ, ಕೆಲವಕ್ಕೆ ಎರಡನೆಯದೇ ಎರಡು ಸಲ. ಅಂಥ ಎರಡು ಗಿಡಗಳು ಒಂದಕ್ಕೊಂದು ಬೇರೆಯವು. ಅವು ಅರಳಿದ ಮೇಲೂ ಒಂದನ್ನೊಂದು ಒಪ್ಪುತ್ತವೆ.

ಅವಳು ಮನೆಗೆ ಓಡಿದಳು.

"ಇದೊಂದೇ ಸಲ ಅಜ್ಜಿ. ಈ ಕಾಯಲ್ಲಿ ಒಂದಿಷ್ಟನ್ನ ಹಣ್ಣಾಗೋಕೆ ಬಿಟ್ಟು ಬೀಜ ಹಾಕಿದ್ರೆ, ಅವು ತಾವಾಗೇ ಅರಳಿ ತಾವಾಗೇ ಕಾಯಿ ಬಿಡ್ತವೆ. ಅವಕ್ಕೆ ಸೂಜಿ ಬೇಡ."

ಪಿಳ್ಳಮ್ಮ ಹುಬ್ಬೇರಿಸಿದಳು. "ಅಣ್ಣ ತಂಗೀರೇ?"

"ಗಿಡ ಸಂಬಂಧ ನೋಡಲ್ಲ, ಗುರುತು ನೋಡ್ತದೆ. ಸ್ವಲ್ಪ ಸೊರಗಿದ ಗಿಡಗಳೂ ಬರಬಹುದು. ಮೇಲಿಂದ ಹೊರಗಿನ ಬೀಜಾನೂ ಕೇಳಿದೀನಿ. ಅದು ಬರೋವರೆಗೆ."

"ಒಂದೇ ಸಲ ತಾನೆ?"

"ಒಂದೇ ಸಲ."

"ಅಂಗಾದ್ರೆ ಆ ಸೂಜಿ ಇತ್ಲಾಗೆ ಕೊಡು."

ಅವಳು ಕೊನೆಯ ಸಾಲನ್ನು ತಾನೇ ಮಾಡಿದಳು, ಬೇರೆ ಯಾರನ್ನೂ ಹತ್ತಿರ ಬಿಡಲಿಲ್ಲ. ಪ್ರತಿ ಮೊಗ್ಗು ಸೀಳುವ ಮುಂಚೆ ಏನೋ ಗೊಣಗುತ್ತಿದ್ದಳು. ಮುನಿಯಮ್ಮ ಪಕ್ಕದ ಸಾಲಿನಿಂದ ಕಿವಿಗೊಟ್ಟು ಕೇಳಿದಳು. "ತಡಕೋ ಮಗ, ತಡಕೋ" ಎಂದು ಅದೊಂದೇ ಮಾತು. ಆ ಸಾಲಿನ ಕಾಯಿಯನ್ನು ಕೀಳುವುದಿಲ್ಲ, ಬೀಜಕ್ಕೆ ಬಿಡುವುದು ಎಂದು ಅಜ್ಜಿ ಮೊಮ್ಮಗಳು ಇಬ್ಬರೂ ಒಪ್ಪಿಕೊಂಡರು.

* * *

ಯುಗಾದಿಯ ಹಿಂದಿನ ದಿನ ತಕ್ಕಡಿ ಬಂತು. ಬುಟ್ಟಿಗಳು ಒಂದೊಂದಾಗಿ ಏರಿದವು. ಕೊನೆಯ ಬುಟ್ಟಿ ಇಳಿದ ಮೇಲೆ ಸೆಲ್ವರಾಜ್ ಮುಳ್ಳನ್ನು ನೋಡಿದ, ತಲೆಯೆತ್ತಲಿಲ್ಲ.

"ಸ್ವಲ್ಪ ಕಮ್ಮಿ ಬಂತು," ಎಂದ. ಆಮೇಲೆ ಕೊನೆಯ ಸಾಲಿನ ಕಡೆ ನೋಡಿದ. ಅಲ್ಲಿ ಸಿಪ್ಪೆಗಳು ತುಂಬಿ ಬಿರಿದು, ಒಳಗಿನ ಹಣ್ಣು ಹಳದಿಗೆ ತಿರುಗುತ್ತಿತ್ತು. ಅವನು ಪಿಳ್ಳಮ್ಮನನ್ನು ಮೊದಲಿನಿಂದಲೂ ತನ್ನ ತಮಿಳಿನಲ್ಲಿ ಅಜ್ಜಿ ಎಂಬಂತೆ ಪಾಟಿ ಎಂದೇ ಕರೆಯುತ್ತಿದ್ದ. "ಪಾಟಿ, ಆ ಸಾಲು ಹಾಕಿದ್ರೆ ಸರಿಹೋಗ್ತದೆ."

"ಅವು ಬಸುರಿ ಸೆಲ್ವಾ. ಬಸುರೀನ ತಕ್ಕಡೀಗೆ ಹಾಕ್ತಾರಾ?"

ಯಾರೂ ನಗಲಿಲ್ಲ. ಮೇಲಿನಿಂದ ಬರುವ ಗಾಳಿಕಂಡಿಯಲ್ಲಿ ಬೇಸಿಗೆಯ ವಾಸನೆ ಆಗಲೇ ಇಳಿಯುತ್ತಿತ್ತು, ಕಾದ ಹೆಂಚಿನ ವಾಸನೆ. ಗಂಗರತ್ನ ಅಜ್ಜಿಯ ಸಣಕಲು ಕತ್ತನ್ನು ನೋಡಿದಳು. ಬುಟ್ಟಿ ಎತ್ತಿಕೊಂಡು ಕೊನೆಯ ಸಾಲಿಗೆ ಹೋದಳು. ಮೊದಲ ಹಣ್ಣಿಗೆ ಕೈ ಹಾಕುವಷ್ಟರಲ್ಲಿ ಪಿಳ್ಳಮ್ಮ ಅವಳ ಮಣಿಕಟ್ಟು ಹಿಡಿದಳು.

"ಬಿಡಜ್ಜಿ. ಬೀಜ ಮುಂದಿನ ಸಲ ನೋಡೋಣ. ಇನ್ನೊಂದು ಹಂಗಾಮು ಸೂಜಿ ಹಿಡಿದ್ರಾಯ್ತು."

"ಒಂದೇ ಸಲ ಅಂದಿದ್ದೆ."

"ಮೇಲೆ ಹೋದ್ರೆ ನೀನು ಉಳಿಯಲ್ಲ!"

"ಗೊತ್ತು," ಎಂದಳು ಪಿಳ್ಳಮ್ಮ. "ನಮ್ಮಜ್ಜೀನೂ ಇಂಗೇ ಅಂದ್ಲು. ಮನೆ ಉಳೀಲಿ ಅಂತ ಮಾಡ್ತಾ ಇದೀನಿ ಅಂದ್ಲು. ಪ್ರೀತಿಯಿಂದ್ಲೇ ಅಂದಿದ್ದು." ಮಣಿಕಟ್ಟು ಬಿಡಲಿಲ್ಲ. "ನನ್ನುಳ್ಸಕ್ಕೆ ನಂಗೇ ಮಾತು ತಪ್ತೀಯಾ?"

ಗಂಗರತ್ನ ಬುಟ್ಟಿಯನ್ನು ಕೆಳಗಿಟ್ಟಳು. ಅವಳ ಕಣ್ಣು ತುಂಬಿತ್ತು. ಸೆಲ್ವರಾಜ್ ಒಮ್ಮೆ ಕೆಮ್ಮಿದ.

"ಇಲ್ಲೀವರೆಗೆ ತೂಕ ತಪ್ಪಿದ ಸುರಂಗದ ಬೆಳೆ ಪೂರ್ತಿ ಹೋಗಿತ್ತು, ಅದಕ್ಕೇ ಪೂರ್ತಿ ಆರ್ಸಿದ್ದು. ಬರೆದಿರೋ ನಿಯಮ ಏನು ಹೇಳ್ತದೆ ಅಂದ್ರೆ, ಕೊರತೆ ಎಷ್ಟೋ ಅಷ್ಟು ದೀಪ ಆರ್ಸಬೇಕು. ಪೂರ್ತಿ ಹೋದ್ರೆ ಪೂರ್ತಿ. ಇದು ಪೂರ್ತಿ ಅಲ್ಲ. ಆದರೆ ಗಿಡದ ದೀಪ ಆರ್ಸಿದ್ರೆ ಮುಂದಿನ ಬೆಳೆ ಹೋಗ್ತದೆ..."

"ಗಿಡದ್ದೇ ಆರ್ಸ್ಬೇಕು ಅಂತೈತಾ?" ಎಂದಳು ಮುನಿಯಮ್ಮ.

"ಹಾಗೇನಿಲ್ಲ. ಸುರಂಗದಲ್ಲಿ ಒಂದು ಕಡೆ ದೀಪ ಉರೀತಿದ್ರೂ ಪಂಕ ನಿಲ್ಲಲ್ಲ."

"ಅಂಗಾದ್ರೆ ನಮ್ಮನೆ ದೀಪ ಆರ್ಸಿ. ನಮ್ ಯಜಮಾನ್ರ ಮುಖ ನೋಡಿ ನೋಡಿ ಸಾಕಾಗೈತೆ. ಒಂದು ಬೇಸ್ಗೆ ಕತ್ಲಲ್ಲೇ ಇರಾನ."

ಮೊದಲು ಒಬ್ಬರು ನಕ್ಕರು. ಆಮೇಲೆ ಇನ್ನೊಂದು ಮನೆಯವರು ನಮ್ಮದೂ ಎಂದರು. ಎಲ್ಲರೂ ಖುಷಿಯಿಂದ ಹೇಳಲಿಲ್ಲ. ಕೆಲವರು ಪಿಳ್ಳಮ್ಮನನ್ನು ಬೈದುಕೊಂಡೇ ಹೇಳಿದರು. ಒಂದು ಮನೆಯವರು ಹೇಳಲೇ ಇಲ್ಲ, ಆ ಮನೆಯ ಪಾಲಿಗೆ ಸೆಲ್ವರಾಜ್ ತನ್ನ ಕೋಣೆಯ ದೀಪವನ್ನೇ ಆರಿಸಿದ.

* * *

ಆ ಬೇಸಿಗೆ ಒಂದನ್ನು ಬಿಟ್ಟು ನಾಲ್ಕನೇ ಸುರಂಗದ ಮನೆಗಳೆಲ್ಲ ಕತ್ತಲಲ್ಲಿ ಇದ್ದವು. ಜನ ತಡವಿಕೊಂಡು ಅಡುಗೆ ಮಾಡಿದರು, ಸಾರಿಗೆ ಎರಡು ಸಲ ಉಪ್ಪು ಹಾಕಿದರು. ಊಟಕ್ಕೆ ತಟ್ಟೆ ಹಿಡಿದು ಎಲ್ಲರೂ ಬೆಳೆಯ ಬದಿಗೆ ಬರುತ್ತಿದ್ದರು, ಬೆಳಕು ಇದ್ದದ್ದು ಅಲ್ಲೇ. ಮಕ್ಕಳು ಗಿಡದ ಬುಡದಲ್ಲಿ ಓದಿಕೊಂಡವು. ಮುನಿಯಮ್ಮನ ಯಜಮಾನರು ಅಲ್ಲೇ ಗೊರಕೆ ಹೊಡೆದರು.

ಬೀಜದಿಂದ ಬಂದ ಗಿಡಗಳು ಸಾಲು ಕೆಡಿಸಿಕೊಂಡು ಬೆಳೆದವು. ಕೆಲವು ಸೊರಗಿ ಎರಡೆಲೆಗೇ ನಿಂತುಹೋದವು. ಪಿಳ್ಳಮ್ಮ ಅವನ್ನು ಕೀಳಲು ಬಿಡಲಿಲ್ಲ, ಅವು ತಾವಾಗಿಯೇ ಒಣಗುವವರೆಗೂ ನೀರು ಹಾಕಿದಳು. ಉಳಿದವುಗಳಲ್ಲಿ ಒಂದು ಎತ್ತರ, ಒಂದು ಗಿಡ್ಡ, ಒಂದರ ಕಾಂಡಕ್ಕೆ ನೇರಳೆ ಛಾಯೆ. ಎಣಿಕೆ ಯಂತ್ರ ಗೊಂದಲಗೊಂಡು ಮಧ್ಯದಲ್ಲೇ ನಿಂತು ಕೆಂಪು ದೀಪ ಮಿಣುಕಿಸಿತು. ಸೆಲ್ವರಾಜ್ ಬಂದು ಅದರ ತಂತಿ ಕಿತ್ತು, ಪರಾಗ ಸವರುವ ಕುಂಚ ಮಾತ್ರ ಓಡುವಂತೆ ಮಾಡಿದ. ಮೊಗ್ಗುಗಳು ಬಂದವು. ಯಾರೂ ಮುಟ್ಟಲಿಲ್ಲ. ಅರಳಿದವು, ನಡುವೆ ಕಂದು ಚುಕ್ಕೆಯ ಹಳದಿ ಹೂಗಳು. ಕುಂಚ ಒಂದರಿಂದ ಇನ್ನೊಂದಕ್ಕೆ ಹೋಯಿತು. ಹೂಗಳು ಉದುರಿದವು. ಸಿಪ್ಪೆಗಳು ಉಬ್ಬಿದವು.

ಖಾಲಿ ಸಿಪ್ಪೆಯೂ ಹೀಗೇ ಉಬ್ಬುತ್ತದೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಅಂದು ಯಾರೂ ಮೊದಲು ಕೈ ಹಾಕಲಿಲ್ಲ.

"ನೀನೇ ನೋಡಜ್ಜಿ," ಎಂದಳು ಗಂಗರತ್ನ.

ಪಿಳ್ಳಮ್ಮ ಒಂದನ್ನು ಕಿತ್ತಳು. ಒತ್ತಿ ನೋಡಲಿಲ್ಲ. ಬೆಂದು ಮರಗಟ್ಟಿದ ಬೆರಳುಗಳು ಸುಳ್ಳು ಹೇಳಬಹುದು ಎಂದು ಅವಳಿಗೆ ಅನಿಸಿರಬೇಕು. ಕಣ್ಣು ಮುಚ್ಚಿ, ಕೈ ಎತ್ತಿ, ಜೋರಾಗಿ ಹಣೆಗೆ ಬಡಿದುಕೊಂಡಳು.

ಟಪ್ ಎನ್ನಲಿಲ್ಲ.

"ಅಯ್ಯಯ್ಯಪ್ಪ!" ಎಂದು ಹಣೆ ಹಿಡಿದುಕೊಂಡು ಕೂತಳು. ಸಿಪ್ಪೆ ಹರಿದು ಒಳಗಿನ ಗೋಲಿ ಅವಳ ಮಡಿಲಿಗೆ ಬಿದ್ದು ಉರುಳಿತು. ಹಣೆಯ ಮೇಲೆ ಸಣ್ಣ ಬುಗುಟೆ ಏಳುತ್ತಿತ್ತು. ಅದನ್ನು ಸವರಿಕೊಂಡ ಬೆರಳಿಗೆ ಅಂಟು ಅಂಟಿತು. ಪಿಳ್ಳಮ್ಮ ಆ ಬೆರಳನ್ನು ನಾಲಗೆಗೆ ಇಟ್ಟುಕೊಂಡು, ಮುಖ ಕಿವುಚಿ, ನಗತೊಡಗಿದಳು.